ಖಾಲಿ ಬಿದ್ದ ಉಪನಗರ ಮಾಲನ್ನು ಮತ್ತೆ ಕಟ್ಟುವ ಕ್ರಮ: ವಿಲ್ಲಾ ಇಟಾಲಿಯಾ ಬೆಲ್ಮಾರ್ ಆದ ದಾರಿ

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ, ಡೆನ್ವರ್‌ಗೆ ಪಶ್ಚಿಮದಲ್ಲಿ ಅಂಟಿಕೊಂಡಿರುವ ಊರು ಲೇಕ್‌ವುಡ್. ಅಲ್ಲಿನ ಅಲಮೀಡಾ ಅವೆನ್ಯೂ ಮತ್ತು ವಾಡ್ಸ್‌ವರ್ತ್ ಬುಲೆವಾರ್ಡ್ ಕೂಡುವಲ್ಲಿ 1966ರಲ್ಲಿ ವಿಲ್ಲಾ ಇಟಾಲಿಯಾ ಮಾಲ್ ತೆರೆಯಿತು. ಲೇಕ್‌ವುಡ್ ಅಧಿಕೃತವಾಗಿ ನಗರವಾದದ್ದು 1969ರಲ್ಲಿ. ಹಾಗಾಗಿ ಆ ಊರಿಗೆ ಹಳೆಯ ಪೇಟೆಬೀದಿ ಎಂಬುದೇ ಇರಲಿಲ್ಲ, ಮಾಲೇ ಅದರ ಪೇಟೆ. 2001ರಲ್ಲಿ ಮಾಲ್ ಮುಚ್ಚಿತು. 2004ರಲ್ಲಿ ಅದೇ ಸುಮಾರು 104 ಎಕರೆಯಲ್ಲಿ ಬೆಲ್ಮಾರ್ ಹೆಸರಿನ ಹೊಸ ಪೇಟೆಯ ಮೊದಲ ಹಂತ ಬಾಗಿಲು ತೆರೆಯಿತು: 22 ಬ್ಲಾಕ್‌ಗಳ ಯೋಜನೆ, ನಡೆದಾಡುವ ಬೀದಿಗಳು, ಅಂಗಡಿಯ ಮೇಲೆ ಮನೆ, ಕಚೇರಿ, ಚಿತ್ರಮಂದಿರ, ನಡುವೆ ಒಂದು ಚೌಕ.

ಇಂಥ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ಎಡವುತ್ತಾರೆ ಎಂಬುದನ್ನು ಇಲ್ಲಿ ವಿವರಿಸಿದ್ದೇವೆ. ನಗರ ಯೋಜನೆ, ಸಿವಿಲ್, ವಾಸ್ತುಶಿಲ್ಪ ಓದುವವರಿಗೆ ಮತ್ತು ತಮ್ಮ ಉಪನಗರದ ಮಾಲ್ ಬಗ್ಗೆ ನಗರಸಭೆಯ ಅಹವಾಲು ಸಭೆಗೆ ಹೋಗಿ ಕೂರುವ ಅಲ್ಲಿನ ಕನ್ನಡಿಗರಿಗೆ ಇದು ಉಪಯೋಗವಾಗಬೇಕು. ಮಾಲ್ ಖಾಲಿಯಾದಾಗ ಎಲ್ಲರ ಕಣ್ಣೂ ಕಟ್ಟಡದ ಮೇಲೆ ಬೀಳುತ್ತದೆ. ಕೆಲಸದ ಸರಿಯಾದ ಕ್ರಮದಲ್ಲಿ ಕಟ್ಟಡ ಬರುವುದು ಕೊನೆಗೆ. ಮೊದಲು ಚರಿತ್ರೆ, ಆಮೇಲೆ ಕಾಗದಪತ್ರ, ಆಮೇಲೆ ಮಣ್ಣು. ಈ ಮೂರನ್ನು ಮುಗಿಸದೆ ನಕ್ಷೆ ಬರೆಯಲು ಕೂತವರು ಅದೇ ನಕ್ಷೆಯನ್ನು ಮೂರು ಸಲ ಬರೆಯುತ್ತಾರೆ.

ಚರಿತ್ರೆಯನ್ನು ಕೆಲಸದ ಸಲಕರಣೆಯಾಗಿ ಓದಿ

ಪೂರ್ತಿ ಮುಚ್ಚಿದ, ಹವಾನಿಯಂತ್ರಿತ ಉಪನಗರ ಮಾಲ್‌ನ ಮೂಲ ಮಾದರಿ ಮಿನೆಸೋಟಾದ ಈಡೈನಾದಲ್ಲಿರುವ ಸೌತ್‌ಡೇಲ್. 1956ರ ಅಕ್ಟೋಬರ್ 8ರಂದು ತೆರೆಯಿತು. ವಿನ್ಯಾಸ ವಿಯೆನ್ನಾದಿಂದ ಬಂದ ವಿಕ್ಟರ್ ಗ್ರುಯೆನ್ ಅವರದು, ಬಂಡವಾಳ ಡೇಟನ್ ಕುಟುಂಬದ ಕಂಪನಿಯದು. 72 ಅಂಗಡಿ, ಸುಮಾರು 5,200 ಕಾರು ನಿಲ್ಲುವ ಜಾಗ, ಒಳಗೆ ವರ್ಷವಿಡೀ 24 ಡಿಗ್ರಿ ಆಸುಪಾಸಿನ ಹಿತವಾದ ಹವೆ. ಗ್ರುಯೆನ್ ಅವರ ಮೂಲ ಯೋಜನೆಯಲ್ಲಿ ಮಾಲ್ ಸುತ್ತ ಮನೆ, ಶಾಲೆ, ಆಸ್ಪತ್ರೆ, ಉದ್ಯಾನ, ಕೆರೆ ಎಲ್ಲ ಇದ್ದವು. ಮಾಲ್ ಬೇಗ ಎದ್ದಿತು, ಸುತ್ತಲೂ ಡಾಂಬರು ಹರಡಿಕೊಂಡಿತು. ಇಂದು ಮರುಅಭಿವೃದ್ಧಿ ಎಂದು ನಡೆಯುತ್ತಿರುವುದರಲ್ಲಿ ಬಹುಪಾಲು ಆಗ ಬಿಟ್ಟುಹೋದದ್ದನ್ನು ಸೇರಿಸುವ ಕೆಲಸ.

ಕಟ್ಟಡ ಯಾಕೆ ಹೀಗಿದೆ ಎಂದು ತಿಳಿಯಬೇಕಾದರೆ ತೆರಿಗೆ ಕಾನೂನನ್ನೂ ನೋಡಬೇಕು. 1954ರಲ್ಲಿ ಅಮೆರಿಕದ ತೆರಿಗೆ ಸಂಹಿತೆ ವಾಣಿಜ್ಯ ಕಟ್ಟಡಗಳಿಗೆ ವೇಗದ ಸವಕಳಿಯನ್ನು, ಅಂದರೆ ಕಟ್ಟಡದ ಬೆಲೆಯ ದೊಡ್ಡ ಪಾಲನ್ನು ಮೊದಲ ವರ್ಷಗಳಲ್ಲೇ ಖರ್ಚೆಂದು ತೋರಿಸುವುದನ್ನು, ಒಪ್ಪಿತು. ಹೊಸದಾಗಿ ಕಟ್ಟಿದವರಿಗೆ ಮೊದಲ ಕೆಲವು ವರ್ಷಗಳಲ್ಲೇ ದೊಡ್ಡ ತೆರಿಗೆ ಲಾಭ ಸಿಗುತ್ತಿತ್ತು, ಅದು ಮುಗಿದ ಮೇಲೆ ಮಾರಿಬಿಡುವುದೇ ಜಾಣತನ ಎನಿಸುತ್ತಿತ್ತು. ನೂರು ವರ್ಷ ನಿಲ್ಲಲೆಂದು ಯಾರೂ ಕಟ್ಟಲಿಲ್ಲ. 1956ರ ಹೆದ್ದಾರಿ ಕಾಯ್ದೆ ಅದಕ್ಕೆ ರಸ್ತೆ ಹಾಸಿಕೊಟ್ಟಿತು. ನಿಮ್ಮೆದುರಿನ ಮಾಲ್ 1955ರಿಂದ 1985ರ ನಡುವಿನದಾದರೆ ತೆಳುವಾದ ಛಾವಣಿ, ಕಿಟಕಿಯಿಲ್ಲದ ಗೋಡೆ, ಖಾಸಗಿ ನೀರಿನ ಕೊಳವೆ ಇವೆಲ್ಲ ಇರುತ್ತವೆಂದೇ ಲೆಕ್ಕ ಹಾಕಿ.

ಮಾಹಿತಿಯನ್ನು ಎಲ್ಲಿಂದ ತರುವುದು? ಅಮೆರಿಕದ ಭೂವಿಜ್ಞಾನ ಸಮೀಕ್ಷೆ, ಅಂದರೆ ಯುಎಸ್‌ಜಿಎಸ್, ಹಳೆಯ ಸ್ಥಳಾಕೃತಿ ನಕ್ಷೆ ಮತ್ತು ವೈಮಾನಿಕ ಚಿತ್ರಗಳನ್ನು ಉಚಿತವಾಗಿ ಕೊಡುತ್ತದೆ. ಮಾಲ್ ಕಟ್ಟುವ ಮೊದಲಿನ ನಕ್ಷೆಯೊಂದನ್ನು ಇಳಿಸಿಕೊಂಡು ಇಂದಿನ ಉಪಗ್ರಹ ಚಿತ್ರದ ಮೇಲೆ ಹೊಂದಿಸಿ. ಹಳ್ಳವೊಂದು ಬಂದು ಪಾರ್ಕಿಂಗ್ ಅಂಚಿನಲ್ಲಿ ಮಾಯವಾಗಿದ್ದರೆ ಅದು ಡಾಂಬರಿನ ಕೆಳಗೆ ಕೊಳವೆಯಲ್ಲಿ ಹರಿಯುತ್ತಿದೆ ಎಂದರ್ಥ. ಬಳಿಕ ಸುಮಾರು ಐದೈದು ವರ್ಷಕ್ಕೊಂದರಂತೆ ವೈಮಾನಿಕ ಚಿತ್ರಗಳನ್ನು ಜೋಡಿಸಿ: ಯಾವ ರೆಕ್ಕೆ ಯಾವಾಗ ಸೇರಿತು, ಮೂಲೆಯಲ್ಲಿ ಪೆಟ್ರೋಲ್ ಬಂಕ್ ಇತ್ತೇ, ಅದು ಯಾವಾಗ ಹೋಯಿತು. ಹಳೆಯ ನಗರ ಡೈರೆಕ್ಟರಿಗಳಿಂದ ಬಾಡಿಗೆದಾರರ ಪಟ್ಟಿ ಮಾಡಿ. ನಗರಸಭೆಯ ಕಟ್ಟಡ ಪರವಾನಗಿ ಕಡತ, ಯೋಜನಾ ಆಯೋಗದ ನಡಾವಳಿ, ಕೌಂಟಿಯ ದಸ್ತಾವೇಜು ನೋಂದಣಿ ಕಚೇರಿ ಈ ಮೂರನ್ನೂ ಖುದ್ದಾಗಿ ಹೋಗಿ ನೋಡಬೇಕು. ಹಳೆಯ ಪರವಾನಗಿಗಳು ಎಷ್ಟೋ ಕಡೆ ಇನ್ನೂ ಮೈಕ್ರೋಫಿಲ್ಮ್‌ನಲ್ಲೇ ಇವೆ.

ಬಾಡಿಗೆದಾರರ ಪಟ್ಟಿಯಲ್ಲಿ ಮೂರು ಬಗೆಯ ಅಂಗಡಿಗಳಿಗೆ ಕೆಂಪು ಗುರುತು ಹಾಕಿ: ಡ್ರೈಕ್ಲೀನಿಂಗ್, ಫೋಟೊ ತೊಳೆಯುವ ಲ್ಯಾಬ್, ಕಾರು ರಿಪೇರಿ ವಿಭಾಗ. ಸಿಯರ್ಸ್, ಜೆಸಿ ಪೆನ್ನಿ, ಮಾಂಟ್ಗೊಮೆರಿ ವಾರ್ಡ್ ಮಳಿಗೆಗಳ ಜತೆ ಟೈರು, ಬ್ಯಾಟರಿ, ಎಣ್ಣೆ ಬದಲಾಯಿಸುವ ಆಟೊ ಸೆಂಟರ್ ಇರುವುದು ರೂಢಿ. ಆ ಕಟ್ಟಡವನ್ನು ಆಮೇಲೆ ಹೋಟೆಲೋ ಬ್ಯಾಂಕೋ ಮಾಡಿರಬಹುದು, ನೆಲದೊಳಗಿನ ಟ್ಯಾಂಕ್ ಮಾತ್ರ ಅಲ್ಲೇ ಉಳಿದಿರಬಹುದು.

ಯಾವ ಆ್ಯಂಕರ್ ಮಳಿಗೆ, ಅಂದರೆ ಮಾಲ್‌ಗೆ ಜನರನ್ನು ಸೆಳೆಯುವ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರ್, ಯಾವಾಗ ಮುಚ್ಚಿತು ಎಂಬುದೂ ಮುಖ್ಯ. ಮಾಂಟ್ಗೊಮೆರಿ ವಾರ್ಡ್ 2000ದ ಡಿಸೆಂಬರ್ ಕೊನೆಯಲ್ಲಿ ವ್ಯವಹಾರ ನಿಲ್ಲಿಸುವುದಾಗಿ ಹೇಳಿತು. ವಿಲ್ಲಾ ಇಟಾಲಿಯಾದ ಕೊನೆಯ ವರ್ಷ ಅದರ ಬೆನ್ನಿಗೇ ಬಂತು, ಆದರೆ ಕಾಯಿಲೆ ಅದಕ್ಕಿಂತ ಹಳೆಯದು: 1983ರಲ್ಲಿ ಸೌತ್‌ವೆಸ್ಟ್ ಪ್ಲಾಜಾ, 1996ರಲ್ಲಿ ಪಾರ್ಕ್ ಮೆಡೋಸ್ ಡೆನ್ವರ್‌ನ ದಕ್ಷಿಣದಲ್ಲಿ ತೆರೆದು ಗಿರಾಕಿಗಳನ್ನು ಸೆಳೆದುಕೊಂಡಿದ್ದವು. ದೇಶದ ಉಳಿದೆಡೆ 2005ರಲ್ಲಿ ಇಂಥ ಮಳಿಗೆಗಳನ್ನು ನಡೆಸುವ ಫೆಡರೇಟೆಡ್ ಮತ್ತು ಮೇ ಎಂಬ ಕಂಪನಿಗಳು ಒಂದಾದಾಗ ಒಂದೇ ಮಾಲ್‌ನಲ್ಲಿ ಎರಡೆರಡು ಮಳಿಗೆ ಒಬ್ಬರದೇ ಆಗಿ ಒಂದು ಖಾಲಿ ಬಿತ್ತು. 2018ರಲ್ಲಿ ಬಾನ್‌ಟನ್ ಬಾಗಿಲು ಹಾಕಿತು, ಅದೇ ಅಕ್ಟೋಬರ್‌ನಲ್ಲಿ ಸಿಯರ್ಸ್ ದಿವಾಳಿ ಅರ್ಜಿ ಹಾಕಿತು, 2020ರ ಮೇನಲ್ಲಿ ಜೆಸಿ ಪೆನ್ನಿ. ಈ ತಾರೀಖುಗಳಿಗೂ ನಿಮ್ಮ ಮಾಲ್‌ನ ಮಾರಾಟ ತೆರಿಗೆ ಇಳಿದ ವರ್ಷಗಳಿಗೂ ತಾಳೆ ಹಾಕಿ. ಆ್ಯಂಕರ್ ಹೋಗುವ ಮೊದಲೇ ಇಳಿತ ಶುರುವಾಗಿದ್ದರೆ, ಇನ್ನೊಂದು ದೊಡ್ಡ ಅಂಗಡಿ ತಂದು ಕೂರಿಸಿದರೆ ಸಾಕು ಎಂಬ ಸಲಹೆಯನ್ನು ಅಲ್ಲಿಗೇ ಕೈಬಿಡಬಹುದು.

ಕಾಗದಪತ್ರ: ಜಾಗ ನಿಜಕ್ಕೂ ಯಾರದು

ಹೊರಗಿನಿಂದ ಒಂದೇ ಕಟ್ಟಡವಾಗಿ ಕಂಡರೂ ಮಾಲ್‌ಗೆ ನಾಲ್ಕೈದು ಮಂದಿ ಒಡೆಯರಿರುತ್ತಾರೆ. ಪ್ರತಿ ಆ್ಯಂಕರ್ ಮಳಿಗೆಯೂ ತನ್ನ ಕಟ್ಟಡ ಮತ್ತು ಅದರ ಎದುರಿನ ಪಾರ್ಕಿಂಗ್‌ನ ಮಾಲೀಕನಾಗಿರಬಹುದು. ನಡುವಿನ ಅಂಗಡಿ ಸಾಲು ಮಾಲ್ ಕಂಪನಿಯದು. ಇವರೆಲ್ಲರನ್ನು ಕಟ್ಟಿಹಾಕುವ ಪತ್ರಕ್ಕೆ ರೆಸಿಪ್ರೋಕಲ್ ಈಸ್‌ಮೆಂಟ್ ಅಗ್ರಿಮೆಂಟ್ ಎನ್ನುತ್ತಾರೆ, ಬಾಯಲ್ಲಿ ಆರ್‌ಇಎ. ಒಬ್ಬರ ಗಿರಾಕಿ ಇನ್ನೊಬ್ಬರ ಜಾಗದಲ್ಲಿ ಕಾರು ನಿಲ್ಲಿಸಬಹುದು, ಓಡಾಡಬಹುದು, ಕೊಳವೆ ಹಾಯಬಹುದು ಎಂದು ಅದು ಹೇಳುತ್ತದೆ. ಇಡೀ ಯೋಜನೆಯ ಹಣೆಬರಹ ಈ ಪತ್ರದಲ್ಲಿದೆ ಎಂದರೆ ಅತಿಶಯವಲ್ಲ. ಮೂಲ ಪತ್ರದ ಜತೆಗೆ ತಿದ್ದುಪಡಿಗಳನ್ನೂ ಪಕ್ಕದ ಒಪ್ಪಂದಗಳನ್ನೂ ಒಂದನ್ನೂ ಬಿಡದೆ ತೆಗೆಸಿ. ಓದುವಾಗ ಇವನ್ನು ಹುಡುಕಿ:

- ಅವಧಿ ಯಾವಾಗ ಮುಗಿಯುತ್ತದೆ, ತಾನಾಗಿ ಮುಂದುವರಿಯುತ್ತದೆಯೇ.
- ಪ್ರತಿ 1,000 ಚದರ ಅಡಿ ಬಾಡಿಗೆ ಜಾಗಕ್ಕೆ ಎಷ್ಟು ಕಾರು ಜಾಗ ಇರಲೇಬೇಕು. ಹಳೆಯ ಪತ್ರಗಳಲ್ಲಿ 5 ಅಥವಾ 5.5 ಇರುವುದು ಸಾಮಾನ್ಯ.
- ಎಲ್ಲಿ ಕಟ್ಟಬಹುದು, ಎಷ್ಟು ಎತ್ತರ, ಯಾವ ದಿಕ್ಕಿನಿಂದ ಆ್ಯಂಕರ್‌ನ ಫಲಕ ಕಾಣುತ್ತಿರಬೇಕು.
- ಮನೆ, ಕಚೇರಿ, ಆಸ್ಪತ್ರೆ, ಜಿಮ್, ಚಿತ್ರಮಂದಿರ ನಿಷೇಧವೇ.
- ಬದಲಾವಣೆಗೆ ಯಾರ ಯಾರ ಲಿಖಿತ ಒಪ್ಪಿಗೆ ಬೇಕು.

ಕೊನೆಯದರಲ್ಲಿ ಎಲ್ಲರ ಒಪ್ಪಿಗೆ ಬೇಕೆಂದಿದ್ದರೆ ಒಬ್ಬ ಆ್ಯಂಕರ್ ಮುಚ್ಚಿದ ಮಳಿಗೆಯೊಳಗೆ ಕೂತೇ ಇಡೀ ಕೆಲಸವನ್ನು ತಡೆಹಿಡಿಯಬಲ್ಲದು. ಅಂಥವರ ಜಾಗವನ್ನು ಮೊದಲು ಕೊಳ್ಳಬೇಕು ಇಲ್ಲವೇ ಹೊಸ ಯೋಜನೆಯಲ್ಲಿ ಪಾಲು ಕೊಟ್ಟು ಒಪ್ಪಿಸಬೇಕು. ಮಾಲ್‌ನ ನಡುಭಾಗವನ್ನು ಅಗ್ಗವೆಂದು ಮೊದಲು ಕೊಂಡು, ಆಮೇಲೆ ಆ್ಯಂಕರ್ ಜತೆ ಮಾತಿಗೆ ಕೂರುವುದು ಈ ಕ್ಷೇತ್ರದಲ್ಲಿ ಪದೇ ಪದೇ ಕಾಣುವ ತಪ್ಪು. ಆ ಹೊತ್ತಿಗೆ ನಿಮ್ಮ ಹಣ ಸಿಕ್ಕಿಬಿದ್ದಿರುತ್ತದೆ, ಅವರಿಗೆ ಯಾವ ಅವಸರವೂ ಇರುವುದಿಲ್ಲ. ಹಳೆಯ ಕ್ರಯಪತ್ರಗಳನ್ನೂ ಓದಿ: ಮಳಿಗೆ ಮಾರಿ ಹೋದ ಕಂಪನಿ, ಇಲ್ಲಿ ಇನ್ನೊಂದು ಡಿಪಾರ್ಟ್‌ಮೆಂಟ್ ಸ್ಟೋರ್ ಬರಕೂಡದು ಎಂದು ಬರೆಸಿ ಹೋಗಿರಬಹುದು.

ಸಣ್ಣ ಅಂಗಡಿಗಳ ಬಾಡಿಗೆ ಕರಾರಿನಲ್ಲಿ ಕೋ-ಟೆನೆನ್ಸಿ ಎಂಬ ಷರತ್ತು ಇರುತ್ತದೆ. ಇಂತಿಷ್ಟು ಆ್ಯಂಕರ್ ಮುಚ್ಚಿದರೆ ಅಥವಾ ತುಂಬಿದ ಜಾಗ ಇಂತಿಷ್ಟು ಪ್ರತಿಶತಕ್ಕಿಂತ ಕೆಳಗಿಳಿದರೆ ಅಂಗಡಿಯವರು ನಿಗದಿತ ಬಾಡಿಗೆಯ ಬದಲು ಮಾರಾಟದ ಒಂದು ಪಾಲನ್ನಷ್ಟೇ ಕೊಡಬಹುದು, ಗಡುವು ದಾಟಿದರೆ ಖಾಲಿ ಮಾಡಬಹುದು. ಮಾಲ್‌ಗಳು ನಿಧಾನವಾಗಿ ಕುಗ್ಗಿ, ಆಮೇಲೆ ಒಂದೆರಡು ವರ್ಷದಲ್ಲಿ ಧಡಕ್ಕನೆ ಖಾಲಿಯಾಗುವುದು ಈ ಷರತ್ತಿನ ಕಾರಣದಿಂದ. ಕೆಡವಲು ಹೊರಟವರಿಗೆ ಇನ್ನೊಂದು ಸಂಗತಿ: ಹತ್ತು ವರ್ಷದ ಕರಾರು ಉಳಿದಿರುವ ಒಂದೇ ಒಂದು ಅಂಗಡಿ ಕೆಲಸವನ್ನು ತಿಂಗಳುಗಟ್ಟಲೆ ನಿಲ್ಲಿಸಬಲ್ಲದು. ಮಾಲೀಕರು ಕೆಡವುವ ಉದ್ದೇಶಕ್ಕೆ ಕರಾರು ಮುರಿಯಬಹುದು ಎಂಬ ಷರತ್ತನ್ನು ಕೊನೆಯ ವರ್ಷಗಳ ಪ್ರತಿ ನವೀಕರಣದಲ್ಲೂ ಸೇರಿಸುತ್ತಾ ಬನ್ನಿ.

ಮಣ್ಣು

ಕೊಳ್ಳುವ ಮೊದಲು ಫೇಸ್ 1 ಪರಿಸರ ತಪಾಸಣೆ ಮಾಡಿಸಿ. ಅದಕ್ಕೆ ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆಯ ಇ 1527-21 ಅನ್ವಯ. ಇದರಲ್ಲಿ ಅಗೆತವಿಲ್ಲ, ದಾಖಲೆ ಓದುವುದು, ಸ್ಥಳ ಸುತ್ತುವುದು, ಬಲ್ಲವರನ್ನು ಕೇಳುವುದು ಅಷ್ಟೇ. ಸ್ಥಳ ಪರಿಶೀಲನೆ, ಸಂದರ್ಶನ, ಸರ್ಕಾರಿ ದಾಖಲೆಗಳ ಹುಡುಕಾಟ ಮುಂತಾದ ಭಾಗಗಳು 180 ದಿನಕ್ಕೆ ಹಳತಾಗುತ್ತವೆ. ವ್ಯವಹಾರ ಎಳೆದಾಡಿದರೆ ಮತ್ತೆ ಮಾಡಿಸಬೇಕು, ಇಲ್ಲವಾದರೆ ಹಿಂದಿನವರ ಮಾಲಿನ್ಯಕ್ಕೆ ಹೊಣೆಯಾಗದಂತೆ ಪ್ರಾಮಾಣಿಕ ಖರೀದಿದಾರರಿಗೆ 2002ರ ಬ್ರೌನ್‌ಫೀಲ್ಡ್ (ಮಾಲಿನ್ಯದ ಶಂಕೆಯಿರುವ ಹಳೆಯ ಜಾಗ) ಕಾಯ್ದೆ ಕೊಡುವ ರಕ್ಷಣೆ ತಪ್ಪಿಹೋಗುತ್ತದೆ. ನೀವು ಈಗಾಗಲೇ ಸಿದ್ಧಪಡಿಸಿದ ಚರಿತ್ರೆ ತಪಾಸಣೆಯವರ ಕೈಯಲ್ಲಿರಲಿ. ಅವರು ಕೆಲವೇ ವಾರದಲ್ಲಿ ಮುಗಿಸುವ ವರದಿಯಲ್ಲಿ 1970ರ ದಶಕದ ಡ್ರೈಕ್ಲೀನಿಂಗ್ ಅಂಗಡಿ ಬಿಟ್ಟುಹೋಗುವ ಸಾಧ್ಯತೆ ದೊಡ್ಡದು.

ಅನುಮಾನ ಬಂದಲ್ಲಿ ಫೇಸ್ 2, ಅಂದರೆ ಕೊರೆದು ಮಣ್ಣು, ಅಂತರ್ಜಲ, ನೆಲಗಟ್ಟಿನ ಕೆಳಗಿನ ಗಾಳಿ ಮೂರನ್ನೂ ಪರೀಕ್ಷಿಸುವುದು. ಗಾಳಿಯ ಪರೀಕ್ಷೆಯನ್ನು ಬಿಡಬೇಡಿ. ಡ್ರೈಕ್ಲೀನಿಂಗ್‌ನಲ್ಲಿ ಬಳಸುತ್ತಿದ್ದ ಪಿಸಿಇ ಎಂಬ ದ್ರಾವಕ ನೀರಿಗಿಂತ ಭಾರ. ಚರಂಡಿ ಕೊಳವೆಯ ಬಿರುಕಿನಿಂದ ಸೋರಿ ಅಂತರ್ಜಲ ದಾಟಿ ಕೆಳಗಿಳಿಯುತ್ತದೆ, ಅಲ್ಲಿಂದ ಆವಿಯಾಗಿ ವರ್ಷಗಟ್ಟಲೆ ಮೇಲೇರುತ್ತದೆ. ಹಾಗಾಗಿ ಅಂಗಡಿ ಇದ್ದ ಜಾಗದಲ್ಲಿ ಮಾತ್ರ ಕೊರೆದರೆ ಸಾಲದು, ಅಲ್ಲಿಂದ ಹೊರಟ ಚರಂಡಿ ಕೊಳವೆಯ ಉದ್ದಕ್ಕೂ ಕೊರೆಯಬೇಕು. ವಿಲ್ಲಾ ಇಟಾಲಿಯಾದಲ್ಲೂ ಡ್ರೈಕ್ಲೀನಿಂಗ್ ದ್ರಾವಕ ಮಣ್ಣಿಗಿಳಿದಿತ್ತು. ಬೆಲ್ಮಾರ್ ಕಟ್ಟುವ ಮುನ್ನ ಬ್ರೌನ್‌ಫೀಲ್ಡ್ ಸಾಲದ ನೆರವಿನಿಂದ ಅದನ್ನು ಶುದ್ಧಿಮಾಡುವ ಕೆಲಸ ನಡೆಯಿತು.

ಇಂಥ ಜಾಗದ ಮೇಲೆ ಮನೆ ಕಟ್ಟುವಾಗ ನೆಲಗಟ್ಟಿನ ಕೆಳಗೆ ನಾಲ್ಕು ಅಂಗುಲ ದಪ್ಪ ತೊಳೆದ ಜಲ್ಲಿ, ಅದರೊಳಗೆ ತೂತು ಕೊಳವೆ, ಮೇಲೆ ಆವಿ ತಡೆಯುವ ಪೊರೆ, ತೂತು ಕೊಳವೆಯಿಂದ ಛಾವಣಿಯವರೆಗೆ ಗಾಳಿಕೊಳವೆ ಇರುತ್ತದೆ. ಸ್ಪ್ರೇ ಮಾಡುವ ಪೊರೆಯಾದರೆ 60 ಮಿಲ್, ಅಂದರೆ ಒಂದೂವರೆ ಮಿಲಿಮೀಟರ್ ದಪ್ಪ ರೂಢಿ. ಕೆಡುವುದು ಹೀಗೆ: ಪೊರೆ ಹಾಸಿದ ಮರುದಿನ ಕಂಬಿ ಕಟ್ಟುವವರು ಅದರ ಮೇಲೆ ಓಡಾಡುತ್ತಾರೆ, ಕಂಬಿಯನ್ನು ಎತ್ತಿಹಿಡಿಯುವ ಪುಟ್ಟ ಆಧಾರಗಳ ಚೂಪು ಕಾಲು ಊರಿಕೊಳ್ಳುತ್ತದೆ, ಪ್ಲಂಬರ್ ಒಂದು ಕೊಳವೆ ತಪ್ಪಿತೆಂದು ಕೊಯ್ದು ಹಾಕುತ್ತಾನೆ. ಆದ್ದರಿಂದ ಪೊರೆಯ ಕೆಳಗೆ ಹೊಗೆ ಊದಿ ತೂತು ಹುಡುಕುವ ಪರೀಕ್ಷೆಯನ್ನು ಎರಡು ಸಲ ಮಾಡಿಸಿ, ಪೊರೆ ಹಾಕಿದ ತಕ್ಷಣ ಒಮ್ಮೆ, ಕಂಬಿ ಕಟ್ಟಿ ಮುಗಿದು ಕಾಂಕ್ರೀಟ್ ಸುರಿಯುವ ಮುಂಚೆ ಇನ್ನೊಮ್ಮೆ. ಹೊಗೆ ಎದ್ದ ಕಡೆಯೆಲ್ಲ ತೇಪೆ ಹಾಕಿ ಮತ್ತೆ ನೋಡಬೇಕು. ಎರಡನೆಯ ಪರೀಕ್ಷೆಗೆ ಗುತ್ತಿಗೆದಾರರು ಗೊಣಗುತ್ತಾರೆ. ಕಾಂಕ್ರೀಟ್ ಬಿದ್ದ ಮೇಲೆ ತೂತು ಹುಡುಕುವ ದಾರಿಯೇ ಇಲ್ಲ, ಅದರ ಮೇಲೆ ಮಕ್ಕಳು ಮಲಗುತ್ತಾರೆ. ಇದರಲ್ಲಿ ರಾಜಿ ಬೇಡ.

ಆಟೊ ಸೆಂಟರ್‌ನಲ್ಲಿ ಪೆಟ್ರೋಲ್ ಟ್ಯಾಂಕ್ ಜತೆಗೆ ಬಳಸಿದ ಎಣ್ಣೆಯ ಟ್ಯಾಂಕ್ ಮತ್ತು ನೆಲದೊಳಗಿನ ಹೈಡ್ರಾಲಿಕ್ ಲಿಫ್ಟ್‌ಗಳನ್ನೂ ಹುಡುಕಿ. ಲಿಫ್ಟ್‌ನ ಕೊಳವೆಯನ್ನು ಎಷ್ಟೋ ಸಲ ನೆಲಮಟ್ಟಕ್ಕೆ ಕೊಯ್ದು ಮೇಲೆ ಕಾಂಕ್ರೀಟ್ ಹಾಕಿರುತ್ತಾರೆ, ನೆಲದ ಮೇಲೆ ಗುಂಡಗಿನ ತೇಪೆ ಕಂಡರೆ ಅದೇ.

ಕಟ್ಟಡದೊಳಗೆ ಆಸ್ಬೆಸ್ಟಾಸ್: ಉಕ್ಕಿನ ತೊಲೆಗಳಿಗೆ ಬೆಂಕಿ ತಡೆಯಲು ಸಿಂಪಡಿಸಿದ ಪದರ (ಇದಕ್ಕೆ 1973ರಲ್ಲಿ ನಿಷೇಧ ಬಂತು), ನೆಲದ ಟೈಲ್, ಅದರ ಅಂಟು, ಕೊಳವೆಯ ಹೊದಿಕೆ, ಛಾವಣಿ. 1979ಕ್ಕೆ ಮುಂಚಿನ ಟ್ಯೂಬ್‌ಲೈಟ್ ಚೋಕ್‌ಗಳಲ್ಲೂ ಸಂದು ತುಂಬುವ ಪುಟ್ಟಿಯಲ್ಲೂ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಇರಬಹುದು. ಕೆಡವುವ ಮುನ್ನ ಸಮೀಕ್ಷೆ ಕಡ್ಡಾಯ, ಸಂಬಂಧಪಟ್ಟ ಕಚೇರಿಗೆ ಕನಿಷ್ಠ 10 ಕೆಲಸದ ದಿನ ಮೊದಲು ನೋಟಿಸ್ ಕೊಡಬೇಕು. ಅಂಗಡಿಗಳು ಬದಲಾದಂತೆ ಹಳೆಯ ಟೈಲ್ ಮೇಲೆಯೇ ಹೊಸ ನೆಲ ಹಾಸಿರುತ್ತಾರೆ, ಮೂರು ಪದರ ಕಿತ್ತ ಮೇಲೆ ಆಸ್ಬೆಸ್ಟಾಸ್ ಸಿಗುವುದುಂಟು. ಸಮೀಕ್ಷೆಯವರು ಪ್ರತಿ ಅಂಗಡಿಯಲ್ಲೂ ಕಾಂಕ್ರೀಟ್‌ವರೆಗೆ ಕೊರೆಯಬೇಕೆಂದು ಕರಾರಿನಲ್ಲೇ ಬರೆಸಿ.

ಉಳಿಸುವುದೋ, ಕೆಡವುವುದೋ

ಆ್ಯಂಕರ್ ಮಳಿಗೆ ಮತ್ತು ಅಂಗಡಿ ಸಾಲು ಎರಡನ್ನೂ ಬೇರೆ ಬೇರೆಯಾಗಿ ತೂಗಿ. ಸಾಲಿನ ಛಾವಣಿ ಸಾಮಾನ್ಯವಾಗಿ ತೆಳು ಉಕ್ಕಿನ ಜಾಯಿಸ್ಟ್, ಅಂದರೆ ಅಡ್ಡತೊಲೆಗಳ ಮೇಲೆ ಕೂತಿರುತ್ತದೆ. ಅದಕ್ಕೆ ಲೆಕ್ಕ ಹಾಕಿರುವುದು ಹಿಮದ ಭಾರ, ರಿಪೇರಿಗೆ ಹತ್ತುವ ಜನರ ಭಾರ, ಎಸಿ ಯಂತ್ರಗಳ ಭಾರ ಇಷ್ಟನ್ನೇ. ಮೇಲೆ ಇನ್ನೊಂದು ಅಂತಸ್ತು ಎತ್ತುವ ಮಾತು ಬಹುತೇಕ ಆಗದ ಮಾತು.

ಆ್ಯಂಕರ್ ಕಟ್ಟಡ ಗಟ್ಟಿ. ಅಮೆರಿಕದ ಕಟ್ಟಡ ನಿಯಮದಲ್ಲಿ ಅಂಗಡಿಯ ನೆಲಮಹಡಿಗೆ ಚದರ ಅಡಿಗೆ 100 ಪೌಂಡ್, ಮೇಲಿನ ಮಹಡಿಗಳಿಗೆ 75 ಪೌಂಡ್ ಬಳಕೆ ಭಾರ ಹಿಡಿಯುತ್ತಾರೆ. ಕಚೇರಿಗೆ 50, ಮನೆಗೆ 40 ಸಾಕು. ಗ್ರಂಥಾಲಯದ ಕಪಾಟಿನ ಸಾಲಿಗೆ 150 ಬೇಕು, ಅಲ್ಲಿ ಮಾತ್ರ ಬಲಪಡಿಸಬೇಕಾಗುತ್ತದೆ. ಇಲ್ಲಿನ ತೊಡಕು ಬೆಳಕು. ಒಂದೊಂದು ಮಹಡಿ 60,000 ಚದರ ಅಡಿಗಿಂತ ಹೆಚ್ಚು, ಕಿಟಕಿ ಇಲ್ಲ. ಹೊರಗೋಡೆಗೆ ಕಿಟಕಿ ಕೊರೆದರೂ ಹಗಲ ಬೆಳಕು 25–30 ಅಡಿಗಿಂತ ಒಳಗೆ ಉಪಯೋಗಕ್ಕೆ ಬರುವಂತೆ ತಲುಪುವುದಿಲ್ಲ. ಮನೆಯ ಪ್ರತಿ ಮಲಗುವ ಕೋಣೆಗೂ ಕಿಟಕಿ ಬೇಕಾದ್ದರಿಂದ ಆ್ಯಂಕರ್ ಮಳಿಗೆಯನ್ನು ಫ್ಲ್ಯಾಟ್ ಮಾಡಬೇಕಾದರೆ ನಡುವೆ ಅಂಗಳ ಕೊಯ್ಯಬೇಕು. ತರಗತಿ, ಪ್ರಯೋಗಾಲಯ, ಹೊರರೋಗಿ ಚಿಕಿತ್ಸಾಲಯಗಳಿಗೆ ಅಷ್ಟು ಕಷ್ಟವಿಲ್ಲ.

ಹೀಗೆ ಒಗ್ಗಿದ ಉದಾಹರಣೆ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿದೆ. 1971ರಲ್ಲಿ ತೆರೆದ ಹೈಲ್ಯಾಂಡ್ ಮಾಲನ್ನು ಆಸ್ಟಿನ್ ಕಮ್ಯುನಿಟಿ ಕಾಲೇಜು ಕೊಂಡಿತು. ಜೆಸಿ ಪೆನ್ನಿ ಮಳಿಗೆ 2014ರಲ್ಲಿ 600ಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಕಲಿಕಾ ಸಭಾಂಗಣವಾಯಿತು. ನ್ಯಾಶ್‌ವಿಲ್‌ನ ಒನ್ ಹಂಡ್ರೆಡ್ ಓಕ್ಸ್ ಮಾಲ್‌ನಲ್ಲಿ ವ್ಯಾಂಡರ್‌ಬಿಲ್ಟ್ ವೈದ್ಯಕೀಯ ಕೇಂದ್ರ 2009ರಿಂದ ಮೇಲಿನ ಮಹಡಿಯಲ್ಲಿ ಚಿಕಿತ್ಸಾಲಯ ನಡೆಸುತ್ತಿದೆ, 2020ರಲ್ಲಿ ಮಾಲನ್ನೇ ಕೊಂಡಿತು. ಬಾಗಿಲ ತನಕ ಕಾರು ತರಬಹುದು, ಪಾರ್ಕಿಂಗ್ ಧಾರಾಳ, ಮೆಟ್ಟಿಲ ಕಾಟವಿಲ್ಲ. ವಯಸ್ಸಾದ ರೋಗಿಗಳಿಗೆ ಇದಕ್ಕಿಂತ ಅನುಕೂಲ ಬೇಕೇ? ಕ್ಲೀವ್‌ಲ್ಯಾಂಡ್ ಬಳಿಯ ರ್‍ಯಾಂಡಲ್ ಪಾರ್ಕ್ ಮಾಲ್‌ನದು ಮೂರನೆಯ ದಾರಿ: 1976ರ ಆ ಬೃಹತ್ ಮಾಲ್ ನೆಲಸಮವಾಗಿ 2018ರಲ್ಲಿ ಅಲ್ಲಿ ಅಮೆಜಾನ್ ಉಗ್ರಾಣ ಎದ್ದಿತು. ಕೆಲಸ ಸಿಕ್ಕಿತು, ತೆರಿಗೆ ಬಂತು. ಊರಿನ ನಡುವೆ ಮತ್ತೆ ಕಿಟಕಿಯಿಲ್ಲದ ಗೋಡೆಯೇ ನಿಂತಿತು ಎಂಬ ಬೇಸರ ನಮಗಿದೆ.

ಒಂದು ಆ್ಯಂಕರ್ ಉಳಿಸಿಕೊಂಡು ಪಕ್ಕದ ಸಾಲು ಕೆಡವುವುದಾದರೆ ಮೊದಲು ಎರಡರ ನಡುವಿನ ವಿಸ್ತರಣಾ ಸಂದು, ಅಂದರೆ ಎರಡೂ ಬೇರೆಬೇರೆಯಾಗಿ ಹಿಗ್ಗಿ ಕುಗ್ಗಲು ಬಿಟ್ಟ ಅಂತರ, ಹುಡುಕಿ. ಬಹುತೇಕ ಮಾಲ್‌ಗಳಲ್ಲಿ ಆ್ಯಂಕರ್ ತನ್ನದೇ ಅಡಿಪಾಯದ ಮೇಲೆ ನಿಂತಿರುತ್ತದೆ. ಆದರೂ ಸಾಲಿನ ಜಾಯಿಸ್ಟ್‌ಗಳು ಆ್ಯಂಕರ್ ಗೋಡೆಯ ಮೇಲೆ ತಲೆಯಿಟ್ಟಿಲ್ಲವೇ ಎಂದು ಸುಳ್ಳು ಛಾವಣಿ ಬಿಚ್ಚಿ ಕಣ್ಣಾರೆ ನೋಡಬೇಕು. ಆಮೇಲೆ ಸೇವೆಗಳು: ಬೆಂಕಿ ನಂದಿಸುವ ನೀರು, ವಿದ್ಯುತ್, ಛಾವಣಿಯ ಮಳೆನೀರು, ತಂಪು ನೀರಿನ ಕೊಳವೆ. ಇಡೀ ಮಾಲ್‌ಗೆ ಒಂದೇ ಫೈರ್ ಪಂಪ್, ಎಸಿಗೆ ನೀರು ತಂಪಾಗಿಸುವ ಒಂದೇ ಚಿಲ್ಲರ್ ಇರುವುದು ಸಾಮಾನ್ಯ, ಅವು ನೀವು ಕೆಡವಲು ಗುರುತು ಹಾಕಿದ ಭಾಗದಲ್ಲೇ ಇರುವುದೂ ಅಷ್ಟೇ ಸಾಮಾನ್ಯ. ಹೊಸ ಪಂಪ್ ಹಾಕಿ, ಪರೀಕ್ಷಿಸಿ, ಅಗ್ನಿಶಾಮಕ ಅಧಿಕಾರಿಯ ಸಹಿ ಪಡೆದ ನಂತರವೇ ಹಳೆಯದನ್ನು ಮುಟ್ಟಿ. ಬೆತ್ತಲಾಗುವ ಗೋಡೆಗೆ ಹೊರಗಿನ ಹೊದಿಕೆ ಮೊದಲೇ ತಯಾರಿರಬೇಕು. ಆ ಗೋಡೆ ಎಂದೂ ಮಳೆ ಕಂಡಿಲ್ಲ.

ಪಾರ್ಕಿಂಗ್ ಬಯಲೇ ಆಸ್ತಿ

ಲೆಕ್ಕ ಹೀಗೆ. ಹತ್ತು ಲಕ್ಷ ಚದರ ಅಡಿ ಮಾಲ್, ಸಾವಿರಕ್ಕೆ 5ರಂತೆ 5,000 ಕಾರು ಜಾಗ. ಓಡಾಟದ ದಾರಿ ಸೇರಿ ಒಂದಕ್ಕೆ 325 ಚದರ ಅಡಿ ಹಿಡಿದರೆ 16,25,000 ಚದರ ಅಡಿ, ಅಂದರೆ 37 ಎಕರೆ ಡಾಂಬರು. ಬೆಂಗಳೂರಿನ ಮಾಲ್‌ಗಳನ್ನು ನೋಡಿದವರು ಇಲ್ಲೊಂದು ವ್ಯತ್ಯಾಸ ಗಮನಿಸಬೇಕು: ನಮ್ಮಲ್ಲಿ ಕಾರು ನಿಲ್ಲುವುದು ನೆಲಮಾಳಿಗೆಯಲ್ಲಿ, ಹೀಗೆ ಬಿಡಿಸಿಕೊಳ್ಳಲು ಬಯಲೇ ಇಲ್ಲ, ಅಮೆರಿಕದ ಈ ವಿಧಾನವನ್ನು ಇದ್ದಂತೆಯೇ ತಂದು ಹಚ್ಚಲಾಗದು.

ಆ ಬಯಲಿನಲ್ಲಿ ಎಷ್ಟು ಬಿಡಿಸಿಕೊಳ್ಳಬಹುದು ಎಂಬುದಕ್ಕೆ ಹಂಚಿಕೆಯ ಲೆಕ್ಕ, ಅಂದರೆ ಒಂದೇ ಜಾಗವನ್ನು ಬೇರೆ ಬೇರೆ ಹೊತ್ತಿನಲ್ಲಿ ಬೇರೆಯವರು ಬಳಸುವ ಲೆಕ್ಕ, ಮಾಡಬೇಕು. ಒಂದು ಮಾದರಿ: ಕಚೇರಿಗೆ 300 ಕಾರು ಜಾಗ, ಅಂಗಡಿಗೆ 800, ಚಿತ್ರಮಂದಿರಕ್ಕೆ 500, ಮನೆಗಳಿಗೆ 360 ಬೇಕೆನ್ನಿ. ಕೂಡಿಸಿದರೆ 1,960. ಆದರೆ ಎಲ್ಲರೂ ಒಂದೇ ಹೊತ್ತಿಗೆ ಬರುವುದಿಲ್ಲ. ಶನಿವಾರ ಮಧ್ಯಾಹ್ನ ಎರಡಕ್ಕೆ ಅಂಗಡಿ ಪೂರ್ತಿ 800, ಚಿತ್ರಮಂದಿರ 300, ಕಚೇರಿ 30, ಮನೆ 250, ಒಟ್ಟು 1,380. ಶನಿವಾರ ರಾತ್ರಿ ಎಂಟಕ್ಕೆ ಅಂಗಡಿ 520, ಚಿತ್ರಮಂದಿರ 500, ಕಚೇರಿ 15, ಮನೆ 340, ಒಟ್ಟು 1,375. ಹೀಗೆ ವಾರದ ಪ್ರತಿ ಗಂಟೆಗೂ ಲೆಕ್ಕ ಹಾಕಿ ದೊಡ್ಡ ಅಂಕಿ ಹಿಡಿಯಿರಿ. 580 ಜಾಗ ಉಳಿಯಿತು. ಬಹುಮಹಡಿ ಪಾರ್ಕಿಂಗ್‌ನಲ್ಲಿ ಒಂದು ಜಾಗಕ್ಕೆ 25,000 ಡಾಲರ್ ಹಿಡಿದರೂ ಉಳಿತಾಯ ಒಂದೂಕಾಲು ಕೋಟಿ ಡಾಲರ್ ದಾಟುತ್ತದೆ. ಈ ಲೆಕ್ಕ ಕೈಕೊಡುವುದು ಒಂದೇ ಕಾರಣಕ್ಕೆ: ಮನೆ ಮಾರುವಾಗ ಇಂತಿಷ್ಟು ಜಾಗ ನಿಮಗೇ ಮೀಸಲು ಎಂದು ಬರೆದುಕೊಟ್ಟರೆ ಆ ಜಾಗ ಹಗಲಲ್ಲಿ ಖಾಲಿ ಇದ್ದರೂ ಇನ್ನೊಬ್ಬರಿಗೆ ಸಿಗುವುದಿಲ್ಲ. ಮೀಸಲು ಕಡಿಮೆಯಿದ್ದಷ್ಟೂ ಹಂಚಿಕೆ ಕೆಲಸ ಮಾಡುತ್ತದೆ.

ಬೀದಿಗಳನ್ನು ಹೊರಗಿನ ಊರಿನ ಬೀದಿಗಳಿಗೆ ಜೋಡಿಸಿಕೊಂಡು ಎಳೆಯಿರಿ. ಬ್ಲಾಕ್‌ನ ಒಂದು ಮಗ್ಗುಲು 200ರಿಂದ 400 ಅಡಿ ಇದ್ದರೆ ಜನ ನಡೆಯುತ್ತಾರೆ. ಬೀದಿಯ ಅಗಲಕ್ಕೆ ಹತ್ತೂವರೆ ಅಡಿಯ ಎರಡು ಪಥ, 8 ಅಡಿಯ ಎರಡು ಪಾರ್ಕಿಂಗ್ ಸಾಲು, 12 ಅಡಿಯ ಎರಡು ಕಾಲುದಾರಿ, ಒಟ್ಟು 61 ಅಡಿ. ಮಾಲ್ ಸುತ್ತಲಿನ ರಿಂಗ್ ರಸ್ತೆಯನ್ನು ಕಿತ್ತುಹಾಕುವ ಮೊದಲು ಅದರ ಕೆಳಗೆ ಏನಿದೆ ನೋಡಿ. ಮುಖ್ಯ ನೀರಿನ ಕೊಳವೆಯೂ ಒಳಚರಂಡಿಯೂ ಹೆಚ್ಚಾಗಿ ಅಲ್ಲೇ ಹಾಯ್ದಿರುತ್ತವೆ, ಹೊಸ ಬೀದಿಯನ್ನು ಅದರ ಮೇಲೆಯೇ ತಂದರೆ ದೊಡ್ಡ ಖರ್ಚು ಉಳಿಯುತ್ತದೆ.

ಎರಡಂತಸ್ತಿನ ಮಾಲ್‌ಗಳಲ್ಲಿ ನೆಲದ ಇಳಿಜಾರು ಮೋಸ ಮಾಡುತ್ತದೆ. ಎರಡೂ ಅಂತಸ್ತಿಗೆ ನೇರ ಪ್ರವೇಶ ಸಿಗಲೆಂದು ಒಂದು ಕಡೆ ಮಣ್ಣು ಏರಿಸಿ ಇನ್ನೊಂದು ಕಡೆ ಇಳಿಸಿರುತ್ತಾರೆ. ಕಟ್ಟಡ ಹೋದ ಮೇಲೆ ನಡುವೆ ನೆಲದಲ್ಲೇ ಒಂದು ಮೆಟ್ಟಿಲಿನಂತೆ 16 ಅಡಿ ಎತ್ತರದ ವ್ಯತ್ಯಾಸ ಉಳಿಯುತ್ತದೆ. ಕಾಲುದಾರಿಯ ಏರು ನೂರಕ್ಕೆ ಐದನ್ನು ಮೀರಬಾರದೆಂದರೆ ಆ 16 ಅಡಿ ಇಳಿಸಲು 320 ಅಡಿ ಉದ್ದ ಬೇಕು. ಪಾರ್ಕಿಂಗ್ ಕಟ್ಟಡವನ್ನು ಆ ಮೆಟ್ಟಿಲಿಗೆ ಒರಗಿಸಿ ಕೂರಿಸುವುದು ಒಳ್ಳೆಯ ಉಪಾಯ. ಎರಡು ಮಟ್ಟದಿಂದಲೂ ಒಳಗೆ ಬರಬಹುದು, ಒಳಗಿನ ರ್‍ಯಾಂಪ್ ಕಡಿಮೆಯಾಗುತ್ತದೆ.

ಕೆಡವಿದ ಕಾಂಕ್ರೀಟನ್ನು ಅಲ್ಲೇ ಪುಡಿಮಾಡಿ ರಸ್ತೆಯ ತಳಕ್ಕೆ ಬಳಸಿ. ಬೆಲ್ಮಾರ್‌ನಲ್ಲೂ ಹಾಗೇ ಮಾಡಿದರು, ಲಾರಿ ಓಡಾಟ ತಪ್ಪಿತು. ನೀರು ಇಂಗಿಸುವ ಹೊಂಡದ ಕೆಳಗೆ ಮಾತ್ರ ಅದನ್ನು ಹಾಕಬೇಡಿ: ಒಡೆದ ಕಾಂಕ್ರೀಟಿನಿಂದ ಸುಣ್ಣದ ಅಂಶ ಇಳಿದು ನೀರು ತೀರ ಕ್ಷಾರವಾಗುತ್ತದೆ, ಗಿಡ ಸಾಯುತ್ತದೆ, ಹೊಂಡದ ತಳ ಗಟ್ಟಿಕಟ್ಟುತ್ತದೆ.

ಹೂತ ಹಳ್ಳ ಸಿಕ್ಕರೆ ಅದನ್ನು ಮೇಲೆ ತರುವ ದಾರಿ ಸಿಯಾಟಲ್‌ನಲ್ಲಿದೆ. 1950ರ ನಾರ್ತ್‌ಗೇಟ್ ಮಾಲ್‌ನ ದಕ್ಷಿಣದ ಪಾರ್ಕಿಂಗ್ ಕೆಳಗೆ ಥಾರ್ನ್‌ಟನ್ ಹಳ್ಳದ ಒಂದು ಕವಲು ಕೊಳವೆಯಲ್ಲಿ ಹರಿಯುತ್ತಿತ್ತು. 2009ರಲ್ಲಿ ಅಲ್ಲಿ ಸುಮಾರು 2.7 ಎಕರೆಯ ತೆರೆದ ಕಾಲುವೆ ಮಾಡಿದರು. ಮುಖ್ಯ ಕೊಳವೆಯನ್ನು ದೊಡ್ಡ ಮಳೆಗೆಂದು ಹಾಗೇ ಬಿಟ್ಟು, ಸಾಧಾರಣ ಮಳೆಯ ನೀರನ್ನು ಗಿಡ ನೆಟ್ಟ ಮೆಟ್ಟಿಲುಗಳಲ್ಲಿ ನಿಧಾನಕ್ಕೆ ಹರಿಸಿ ಕೊಳೆ ಇಳಿಸುತ್ತಾರೆ. ಇಕ್ಕೆಲದಲ್ಲೂ ಮನೆಗಳು ಎದ್ದವು. ಹಳ್ಳದ ಎದುರಿನ ಮನೆ ಪಾರ್ಕಿಂಗ್ ಎದುರಿನ ಮನೆಗಿಂತ ಬೇಗ ಹೋಗುತ್ತದೆ ಎಂಬುದನ್ನು ಹಣದ ಲೆಕ್ಕದವರಿಗೂ ಹೇಳಿ.

ಹಣ ಮತ್ತು ಹಂತ

ಬೀದಿ, ಕೊಳವೆ, ಚೌಕ, ಪಾರ್ಕಿಂಗ್ ಕಟ್ಟಡಕ್ಕೆ ಮೊದಲೇ ಸುರಿಯಬೇಕಾದ ಹಣ ಬಾಡಿಗೆಯಿಂದ ಹುಟ್ಟದು. ಕೊಲರಾಡೊದ ನಗರಗಳು ಮಾರಾಟ ತೆರಿಗೆಯ ಮೇಲೆ ನಿಂತಿವೆ, ಅದಕ್ಕೇ ಲೇಕ್‌ವುಡ್ ನಗರ ಈ ಕೆಲಸಕ್ಕೆ ಇಳಿಯಿತು. ಅದರ ನವೀಕರಣ ಪ್ರಾಧಿಕಾರ ಕಂಟಿನ್ಯೂಮ್ ಪಾರ್ಟ್‌ನರ್ಸ್ ಎಂಬ ಕಂಪನಿಯೊಂದಿಗೆ ಸೇರಿತು. ಬೆಲ್ಮಾರ್‌ನಲ್ಲಿ ನಗರದ ಮಾರಾಟ ತೆರಿಗೆಯನ್ನು 1 ಪ್ರತಿಶತಕ್ಕೆ ಇಳಿಸಿ, ಅಂಗಡಿಗಳು 2.5 ಪ್ರತಿಶತ ಸಾರ್ವಜನಿಕ ಸುಧಾರಣಾ ಶುಲ್ಕ ವಸೂಲಿ ಮಾಡುವ ಏರ್ಪಾಡಾಯಿತು. ಆ ಶುಲ್ಕ ಸಾರ್ವಜನಿಕ ಕಾಮಗಾರಿಯ ಸಾಲಕ್ಕೆ ಹೋಗುತ್ತದೆ. ನಿಮ್ಮ ಊರಿನಲ್ಲಿ ಇಂಥ ಏರ್ಪಾಡು ಬಂದರೆ ಕೇಳಬೇಕಾದ ಪ್ರಶ್ನೆಗಳು ಮೂರು: ಶುಲ್ಕ ಯಾವ ವರ್ಷ ನಿಲ್ಲುತ್ತದೆ, ಮಾರಾಟ ಅಂದಾಜಿಗಿಂತ ಕಡಿಮೆಯಾದರೆ ಸಾಲ ಯಾರ ತಲೆಗೆ, ಬಿಲ್‌ನಲ್ಲಿ ಅದು ಬೇರೆ ಸಾಲಾಗಿ ಕಾಣುತ್ತದೆಯೇ.

ಮೊದಲ ಹಂತ ಚಿಕ್ಕದಾಗಿದ್ದರೂ ಬೀದಿಯ ಎರಡೂ ಬದಿ ಒಟ್ಟಿಗೆ ಏಳಬೇಕು. ಒಂದು ಬದಿ ಅಂಗಡಿ, ಎದುರು ಬೇಲಿ ಇದ್ದರೆ ಅಂಗಡಿ ಉಳಿಯದು. ಸೌತ್‌ಡೇಲ್‌ನ ರೀತಿ ಬೇರೆ: ಮಾಲ್ ನಡೆಯುತ್ತಲೇ ಇದೆ, ಪಾರ್ಕಿಂಗ್ ಅಂಚಿನಲ್ಲಿ ಮೊದಲು ಅಪಾರ್ಟ್‌ಮೆಂಟ್, ಆಮೇಲೆ ಹೋಟೆಲ್ ಬಂದವು, 2019ರಲ್ಲಿ ಜೆಸಿ ಪೆನ್ನಿ ಜಾಗಕ್ಕೆ ದೊಡ್ಡ ವ್ಯಾಯಾಮ ಕೇಂದ್ರ ಬಂತು. ಅರ್ಧಕ್ಕಿಂತ ಹೆಚ್ಚು ಅಂಗಡಿ ಇನ್ನೂ ಚೆನ್ನಾಗಿ ನಡೆಯುತ್ತಿರುವಲ್ಲಿ ನಾವು ಇದನ್ನೇ ಸೂಚಿಸುತ್ತೇವೆ. ಎರಡರಲ್ಲೂ ಕಾಮಗಾರಿ ವೇಳೆ ಉಳಿದ ಅಂಗಡಿಗಳಿಗೆ ಎಷ್ಟು ಕಾರು ಜಾಗ, ಯಾವ ದಾರಿ, ಫಲಕ ಎಲ್ಲಿ ಎಂಬುದನ್ನು ಲಿಖಿತವಾಗಿ ಕೊಡಿ. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಮುಖ್ಯ ದಾರಿಯನ್ನು ಅಗೆಯಬೇಡಿ, ವರ್ಷದ ಮಾರಾಟದ ದೊಡ್ಡ ಪಾಲು ಬರುವುದು ಆಗ.

ಯಾವ ಜಾಗದಲ್ಲಿ ಏನು ಕಟ್ಟಬಹುದು ಎನ್ನುವ ವಲಯ ನಿಯಮದ ಬದಲಾವಣೆಗೆ ಬೇಕಾಗುವ ಸಮಯ ಊರಿಂದೂರಿಗೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2023ರ ಜುಲೈನಿಂದ ಜಾರಿಯಲ್ಲಿರುವ ಎಬಿ 2011 (ಇದು ಮಸೂದೆಯ ಸಂಖ್ಯೆ, ವರ್ಷವಲ್ಲ) ಕಾನೂನು ವಾಣಿಜ್ಯ ರಸ್ತೆಗಳ ಮೇಲೆ ಷರತ್ತು ಪೂರೈಸುವ ಮನೆ ಯೋಜನೆಗೆ ಅಹವಾಲು ಸಭೆಯಿಲ್ಲದೆ ಅನುಮತಿ ಕೊಡಿಸುತ್ತದೆ, ಫ್ಲಾರಿಡಾದಲ್ಲಿ 2023ರ ಲಿವ್ ಲೋಕಲ್ ಕಾಯ್ದೆ ಅದೇ ಜಾತಿಯದು. ಉಳಿದೆಡೆ ಸಭೆಗಳಿಗೆ ಸಿದ್ಧರಾಗಿ ಹೋಗಿ.

ಬೀದಿಗಳು ಕೊನೆಗೆ ಯಾರ ಹೆಸರಿಗೆ ಎಂಬುದನ್ನು ಅನುಮತಿಯ ಹೊತ್ತಿಗೇ ತೀರ್ಮಾನಿಸಿ. ಖಾಸಗಿಯಾಗಿ ಉಳಿದರೆ ಹೆಚ್ಚಿನ ರಾಜ್ಯಗಳಲ್ಲಿ ಪ್ರತಿಭಟನೆ, ಸಂಗೀತ, ಭಿತ್ತಿಪತ್ರ ಎಲ್ಲಕ್ಕೂ ಮಾಲೀಕರ ಅಪ್ಪಣೆ ಬೇಕಾಗುತ್ತದೆ. ನಗರಕ್ಕೆ ಒಪ್ಪಿಸುವುದಾದರೆ ಕೊಳವೆ, ದೀಪ, ಡಾಂಬರಿನ ದಪ್ಪ ಎಲ್ಲ ನಗರದ ಮಾನದಂಡಕ್ಕೆ ಮೊದಲ ದಿನದಿಂದಲೇ ಸರಿಹೊಂದಿರಬೇಕು. ಪೊರೆ ಹಾಕಿದ ಕಟ್ಟಡಗಳ ಕ್ರಯಪತ್ರದಲ್ಲಿ ನೆಲಗಟ್ಟು ಕೊರೆಯುವ ಮುನ್ನ ಯಾರನ್ನು ಕೇಳಬೇಕು, ಗಾಳಿಕೊಳವೆಗೆ ಫ್ಯಾನ್ ಇದ್ದರೆ ಅದನ್ನು ಪರೀಕ್ಷಿಸುವ ಹೊಣೆ ಯಾರದು, ಖರ್ಚು ಯಾವ ಖಾತೆಯಿಂದ ಎಂಬುದು ನೋಂದಣಿಯಾಗಿರಲಿ. ಮೊದಲ ಮನೆ ಮಾರುವ ಮೊದಲೇ ಇದು ಮುಗಿಯಬೇಕು, ಆಮೇಲೆ ಪ್ರತಿ ಮಾಲೀಕರ ಸಹಿ ಹಿಡಿದು ತಿದ್ದುವುದು ಆಗದ ಕೆಲಸ.